ಮುಟ್ಟಿ, ಹೊರಡಿ

ಫೆಬ್ರವರಿ 6

ಬೆತ್ತದಮ್ಮನವರಿಗೆ ನಮಸ್ಕಾರಗಳು.

ಹೀಗೆ ಕರೆದದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಒಂಬತ್ತು ವರ್ಷದ ಹಿಂದೆ ದೊಡ್ಡಾಸ್ಪತ್ರೆಯ ಎರಡನೇ ಮಹಡಿಯ ವಾರ್ಡಿನಲ್ಲಿ ನಾವೆಲ್ಲ ನಿಮ್ಮನ್ನು ಹಾಗೇ ಕರೆಯುತ್ತಿದ್ದೆವು. ಯಜಮಾನರ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು, ಒದ್ದೆ ಬಟ್ಟೆಯಲ್ಲಿ ಸುತ್ತಿದ ಬೆತ್ತದ ಎಳೆಗಳನ್ನು ಮಡಿಲಲ್ಲಿಟ್ಟುಕೊಂಡು, ಯಾರದೋ ಪುಟ್ಟ ಕುರ್ಚಿಗೆ ಸೀಟು ಹೆಣೆಯುತ್ತಿದ್ದಿರಿ. ನರ್ಸುಗಳು ಮೊದಲು ಬೈದರು, ಆಮೇಲೆ ನಿಂತು ನೋಡತೊಡಗಿದರು.

ನಾನು ಆ ವಾರ್ಡಿನ ದುಭಾಷಿ. ಆಗ ನನಗೆ ಇಪ್ಪತ್ತೆರಡು ವರ್ಷ. ಕೆಲಸಕ್ಕೆ ಸೇರಿದ್ದು ಕಡತದ ಕೋಣೆಗೆ. ಹೊಸದಾಗಿ ಬಂದ ಡಾಕ್ಟರಿಗೆ ನಮ್ಮ ಮಾತು ಬರುವುದಿಲ್ಲವೆಂದು, ನಾನು ಕಾಲೇಜಿನಲ್ಲಿ ಇಂಗ್ಲಿಷ್ ಓದಿದವಳೆಂಬ ಒಂದೇ ಕಾರಣಕ್ಕೆ, ಎಳೆದು ತಂದು ಅವರ ಪಕ್ಕ ನಿಲ್ಲಿಸಿದ್ದರು. ಪುಸ್ತಕದ ಇಂಗ್ಲಿಷ್ ನನಗೆ ಬರುತ್ತಿತ್ತು. ಬಾಯಿಮಾತಿನ ಇಂಗ್ಲಿಷ್ ಬರುತ್ತಿರಲಿಲ್ಲ. ಅರ್ಥವಾಗಲಿಲ್ಲ ಎಂದು ಬಾಯಿಬಿಟ್ಟು ಹೇಳಲು ನಾಚಿಕೆ.

ನಿಮ್ಮವರು ಆಸ್ಪತ್ರೆ ಸೇರಿದ ಹನ್ನೊಂದನೆಯ ದಿನ, ಮಧ್ಯಾಹ್ನ ಸುಮಾರು ಒಂದು ಗಂಟೆ. ಡಾಕ್ಟರು ಅವರ ಎದೆ ಪರೀಕ್ಷಿಸಿ, ಹಾಳೆಯಲ್ಲಿ ಏನೋ ಗೀಚಿ, ಮುಂದಿನ ಮಂಚಕ್ಕೆ ಹೋಗುತ್ತ ಹೋಗುತ್ತಲೇ ನನಗೆ ಹೇಳಿದರು: "ಟೆಲ್ ಹರ್ ಇಟ್ಸ್ ಟಚ್ ಅಂಡ್ ಗೋ."

ಟಚ್ ಎಂದರೆ ಮುಟ್ಟು. ಗೋ ಎಂದರೆ ಹೋಗು. ಒಂದನೇ ಕ್ಲಾಸಿನ ಮಕ್ಕಳಿಗೂ ಗೊತ್ತಿರುವ ಪದಗಳು. ನಾನು ನಿಮ್ಮ ಕಡೆ ತಿರುಗಿ ಹೇಳಿದೆ: "ಅಮ್ಮಾ, ಒಂದ್ಸಲ ಮುಟ್ಟಿ, ಹೊರಡಿ ಅಂತಿದಾರೆ ಡಾಕ್ಟ್ರು."

ನೀವು ಅವರ ಹಣೆ ಮುಟ್ಟಿದಿರಿ. ಹೊದಿಕೆಯನ್ನು ಭುಜದವರೆಗೆ ಎಳೆದಿರಿ. ಬೆತ್ತದ ಗಂಟು ಎತ್ತಿಕೊಂಡು ಹೊರಟಿರಿ. ಸಂಜೆ ಐದೂ ಮುಕ್ಕಾಲಿಗೆ ಅವರು ಹೋಗಿಬಿಟ್ಟರು.

ಅಮ್ಮಾ, ಆ ಮಾತಿನಲ್ಲಿ ಮುಟ್ಟುವುದೂ ಇಲ್ಲ, ಹೊರಡುವುದೂ ಇಲ್ಲ. 'ಏನೂ ಹೇಳುವ ಹಾಗಿಲ್ಲ, ಉಳಿದರೂ ಉಳಿಯಬಹುದು, ಹೋದರೂ ಹೋಗಬಹುದು' ಎಂದು ಅದರ ಅರ್ಥ. ದೋಣಿಯ ತಳ ಬಂಡೆಗೆ ತಾಗಿಯೂ ಒಡೆಯದೆ ಮುಂದೆ ಸಾಗುವುದರಿಂದ ಬಂದದ್ದೆಂದು ಒಂದು ಪುಸ್ತಕ ಹೇಳುತ್ತದೆ, ನಿಜವೋ ಏನೋ. ಡಾಕ್ಟರು ನಿಮ್ಮನ್ನು ಹೋಗಿ ಎನ್ನಲಿಲ್ಲ. ಆ ಮಾತು ಕೇಳಿದ ಯಾವ ಹೆಂಡತಿಯೂ ಜಾಗ ಬಿಟ್ಟು ಏಳುತ್ತಿರಲಿಲ್ಲ.

ಇದು ನನಗೆ ತಿಳಿದದ್ದು ಒಂದು ವರ್ಷದ ಮೇಲೆ, ಬೇರೊಬ್ಬ ಡಾಕ್ಟರು ಒಂದು ಮಗುವಿನ ವಿಷಯಕ್ಕೆ ಅದೇ ಮಾತು ಆಡಿದಾಗ. ಮಗುವಿನ ತಾಯಿಗೆ ಅಲ್ಪಸ್ವಲ್ಪ ಇಂಗ್ಲಿಷ್ ಬರುತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಗೋಡೆ ಹಿಡಿದು ಕುಸಿದು ಕೂತಳು. ಅವಳ ಮುಖ ನೋಡಿ ನನಗೆ ಅರ್ಥವಾಯಿತು. ಅಂದಿನಿಂದ ಎಂಟು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದೆ.

ಈಗ ನಾನು ಹೊಸ ದುಭಾಷಿಗಳಿಗೆ ಪಾಠ ಹೇಳುತ್ತೇನೆ. ಅವರಿಗಾಗಿ ಇಂಗ್ಲಿಷ್ ನುಡಿಗಟ್ಟುಗಳ ಒಂದು ಕೈಪಿಡಿ ಬರೆಯಲು ಮೇಲಿನವರು ಹೇಳಿದರು. ಇನ್ನೂರ ಮೂವತ್ತು ನುಡಿಗಟ್ಟು ಬರೆದೆ. ಕರಡು ಓದಿದ ಒಬ್ಬಾಕೆ, "ಟಚ್ ಅಂಡ್ ಗೋ ಮರೆತುಬಿಟ್ಟಿದೀರಲ್ಲಾ?" ಅಂದಳು. ಮರೆತದ್ದಲ್ಲ. ಅವತ್ತು ಹಳೆಯ ರಿಜಿಸ್ಟರಿನಲ್ಲಿ ನಿಮ್ಮ ವಿಳಾಸ ಹುಡುಕಿದೆ.

ಕೆಳಗೆ ನನ್ನ ಫೋನ್ ನಂಬರ್ ಬರೆದಿದ್ದೇನೆ. ನೀವು ಏನು ಅಂದರೂ ಕೇಳಿಸಿಕೊಳ್ಳುತ್ತೇನೆ.

ಇತಿ,
ಎರಡನೇ ಮಹಡಿಯ ದುಭಾಷಿ


ಮಾರ್ಚ್ 19

ದುಭಾಷಿ ಮೇಡಂ ಅವರಿಗೆ,

ಪತ್ರ ಬಂದು ಐದು ವಾರವಾಯಿತು. ಫೋನ್ ಮಾಡುವುದಿಲ್ಲ. ಬಾಯಲ್ಲಾದರೆ ಬೈದುಬಿಡುತ್ತೇನೆ, ಇಲ್ಲವೇ ಅತ್ತುಬಿಡುತ್ತೇನೆ. ಎರಡರಲ್ಲೂ ಕೇಳಬೇಕಾದ್ದು ಬಿಟ್ಟುಹೋಗುತ್ತದೆ. ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು, ಓದಿಕೊಳ್ಳಿ.

ನಿಮ್ಮ ನೆನಪು ನನಗಿದೆ. ಕುತ್ತಿಗೆಗೆ ಗುರುತಿನ ಚೀಟಿ ನೇತುಹಾಕಿಕೊಂಡು ಡಾಕ್ಟರಿಗಿಂತ ಎರಡು ಹೆಜ್ಜೆ ಹಿಂದೆ ಓಡೋಡಿ ಬರುತ್ತಿದ್ದ ಹುಡುಗಿ. ಒಂದು ದಿನ ನಮ್ಮವರು ನಿಮ್ಮನ್ನು ನೋಡಿ, "ಈ ಮಗೂಗೆ ಯಾರಾದ್ರೂ ಕೂತ್ಕೋ ಅಂತ ಹೇಳ್ರೇ" ಎಂದಿದ್ದರು. ನೀವು ಕೇಳಿಸಿಕೊಳ್ಳಲಿಲ್ಲ.

ಮೊದಲ ಸಲ ನಿಮ್ಮ ಪತ್ರ ಓದಿದಾಗ ಬೆತ್ತ ನೆನೆಹಾಕಿದ್ದೆ. ಬೆತ್ತ ಹದವಾಗಿ ನೆನೆದಾಗಲೇ ಹೆಣೆಯಬೇಕು, ಒಣಗಿದರೆ ಮುರಿಯುತ್ತದೆ, ಕೊಳೆತರೆ ಕಪ್ಪಾಗುತ್ತದೆ. ಅವತ್ತಿನದು ಮೂರು ದಿನ ಬಕೆಟ್ಟಿನಲ್ಲೇ ಇದ್ದು ಕಪ್ಪಾಯಿತು. ಮೂವತ್ತು ವರ್ಷದಲ್ಲಿ ಹಾಗಾದದ್ದು ಅದೇ ಮೊದಲು.

ಆಮೇಲೆ ನಿಮ್ಮ ಪತ್ರವನ್ನು ಹತ್ತು ಸಲ ಓದಿದ್ದೇನೆ. ಅದಕ್ಕೇ ಒಂದು ಮಾತು ಕೇಳುತ್ತೇನೆ. ಮುಟ್ಟು ಬಂದದ್ದು ಟಚ್ಚಿನಿಂದ. ಹೋಗು ಬಂದದ್ದು ಗೋ ಇಂದ. ಸರಿ. ನಾನು ಬಾಗಿಲ ಹತ್ತಿರ ತಿರುಗಿ ನಿಂತು, "ಮತ್ತೆ ಎಷ್ಟೊತ್ತಿಗೆ ಬರ್ಲಿ?" ಅಂತ ಕೇಳಿದೆ. "ನಾಳೆ ಬೆಳಗ್ಗೆ ಬನ್ನಿ" ಅಂದಿರಿ. ಆ ಮೂರು ಪದದಲ್ಲಿ ನಾಳೆ ಎಲ್ಲಿದೆ?

ಉತ್ತರ ಬರೆಯಿರಿ. ಇದ್ದದ್ದು ಇದ್ದ ಹಾಗೆ.

ಇತಿ,
ಬೆತ್ತ ಹೆಣೆಯುವವಳು


ಮಾರ್ಚ್ 24

ಅಮ್ಮಾ,

ನಾಳೆ ಎಲ್ಲಿಯೂ ಇರಲಿಲ್ಲ. ಅದನ್ನು ನಾನೇ ಹುಟ್ಟಿಸಿದೆ.

ನೀವು ಎಷ್ಟೊತ್ತಿಗೆ ಬರಲಿ ಎಂದು ಕೇಳಿದಾಗ ಡಾಕ್ಟರು ಎರಡು ಮಂಚ ದಾಟಿದ್ದರು. ನಡುವೆ ಹತ್ತು ಹೆಜ್ಜೆ. ಆ ಬೆಳಗ್ಗೆ ಎರಡು ಸಲ ಅವರ ಮಾತು ತಿಳಿಯದೆ ಇನ್ನೊಮ್ಮೆ ಹೇಳಿ ಎಂದು ಕೇಳಿ, ರೋಗಿಗಳ ಎದುರೇ ಬೈಸಿಕೊಂಡಿದ್ದೆ. ಮೂರನೆಯ ಸಲ ಕೇಳುವ ಧೈರ್ಯ ಬರಲಿಲ್ಲ. ಸಾಮಾನ್ಯವಾಗಿ ಮನೆಗೆ ಹೋದವರು ಮರುದಿನ ಬೆಳಗ್ಗೆ ಬರುತ್ತಾರೆ, ಹಾಗಾಗಿ ಅದೇ ಇರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ನಿಮಗೆ ಹೇಳುವಾಗ ಮಾತ್ರ ಡಾಕ್ಟರೇ ಹೇಳಿದ ಹಾಗೆ ಹೇಳಿದೆ.

ಇನ್ನೂ ಒಂದಿದೆ. ನೀವು ಮೆಟ್ಟಿಲು ಇಳಿಯುವಾಗ, ಇಷ್ಟು ಕಾಯಿಲೆ ಇರುವ ಗಂಡನನ್ನು ಬಿಟ್ಟು ಹೋಗಿ ಎಂದು ಡಾಕ್ಟರು ಯಾಕೆ ಹೇಳಿದರು ಎಂದು ನನ್ನ ಮನಸ್ಸಿಗೆ ಒಮ್ಮೆ ಬಂತು. ಬಂದದ್ದನ್ನು ಅಲ್ಲೇ ಅದುಮಿಬಿಟ್ಟೆ.

ಮಾತಿನ ಅರ್ಥ ತಿಳಿಯದ್ದು ತಪ್ಪಲ್ಲ ಎಂದು ಯಾರಾದರೂ ಸಮಾಧಾನ ಹೇಳಬಹುದು. ನಾಳೆಗೆ ಆ ಸಮಾಧಾನವೂ ಇಲ್ಲ. ಮೊದಲ ಪತ್ರದಲ್ಲಿ ಅದನ್ನು ಬಿಟ್ಟು ಬರೆದೆ. ನುಡಿಗಟ್ಟಿನ ಬೆನ್ನ ಹಿಂದೆ ಅವಿತುಕೊಂಡೆ. ಹೊಟ್ಟೆಗೆ ಹಾಕಿಕೊಳ್ಳಿ ಎಂದು ಕೇಳುವ ಮುಖವಿಲ್ಲ.

ಇತಿ,
ದುಭಾಷಿ


ಏಪ್ರಿಲ್ 30

ದುಭಾಷಿಯವರಿಗೆ,

ಹೊಟ್ಟೆಗೆ ಹಾಕಿಕೊಳ್ಳುವುದು! ಇದನ್ನು ನಿಮ್ಮ ಡಾಕ್ಟರಿಗೆ ಪದ ಪದಕ್ಕೆ ಇಂಗ್ಲಿಷ್ ಮಾಡಿ ಹೇಳಿದ್ದರೆ ಮಾತ್ರೆ ಬರೆದುಕೊಡುತ್ತಿದ್ದರು. ನನಗೆ ಇನ್ನೂ ಅಗಿಯುವುದಕ್ಕೇ ಆಗಿಲ್ಲ, ನುಂಗುವ ಮಾತು ಆಮೇಲೆ.

ಆದರೆ ನೀವು ನಿಜ ಬರೆದಿರಿ. ಅದಕ್ಕೆ ನಾನೂ ಬರೆಯುತ್ತೇನೆ.

ಅವತ್ತು ನಾನು ಮನೆಗೆ ಬಂದು ಬಿಸಿನೀರಿನಲ್ಲಿ ತಲೆತುಂಬ ಸ್ನಾನ ಮಾಡಿದೆ. ತಟ್ಟೆಯ ಮುಂದೆ ನೆಮ್ಮದಿಯಾಗಿ ಕೂತು ಊಟ ಮಾಡಿದೆ. ಆಮೇಲೆ ಮಲಗಿದೆ. ಹನ್ನೊಂದು ದಿನ ಸ್ಟೂಲಿನ ಮೇಲೆ ತೂಕಡಿಸಿದ ಮೈ, ನೆಲಕ್ಕೆ ಬೆನ್ನು ತಾಗಿದ್ದೇ ತಡ, ಸತ್ತ ಹಾಗೆ ನಿದ್ದೆ. ಕೆಳಗಿನ ಅಂಗಡಿಯವರಿಗೆ ಆಸ್ಪತ್ರೆಯಿಂದ ಫೋನ್ ಬಂತು. ಅವರು ಮೇಲೆ ಬಂದು ಬಾಗಿಲು ಬಡಿದು ಬಡಿದು ಸಾಕಾದರು. ನನಗೆ ಎಚ್ಚರವಾದದ್ದು ಆರೂವರೆಗೆ.

ನನಗೊಬ್ಬನೇ ಮಗ. ಚಿಕ್ಕವನಿದ್ದಾಗ ಅಪ್ಪನ ಮೊಳೆಗಳನ್ನು ಜೇಬಿಗೆ ತುಂಬಿಕೊಂಡು ತಿರುಗುತ್ತಿದ್ದ, ಅದಕ್ಕೇ ಮನೆಯಲ್ಲಿ ಅವನನ್ನು ಮೊಳೆ ಅಂತಲೇ ಕರೆಯುವುದು. ಅವರು ಕುರ್ಚಿಯ ಚೌಕಟ್ಟು ಮಾಡುತ್ತಿದ್ದರು, ನಾನು ಬೆತ್ತ ಹೆಣೆಯುತ್ತಿದ್ದೆ, ಇವನು ನಮ್ಮಿಬ್ಬರ ನಡುವೆ ಬೆಳೆದ. ಆಗ ಹತ್ತೊಂಬತ್ತು ವರ್ಷ, ದೂರದಲ್ಲಿ ಓದುತ್ತಿದ್ದ. ಅವತ್ತು ಐದೂಕಾಲಿಗೆ ಬಸ್ಸಿಳಿದು ನೇರ ಆಸ್ಪತ್ರೆಗೆ ಹೋದ. ಅಪ್ಪನ ಜೊತೆ ಕಾಲು ಗಂಟೆ ಇದ್ದ. ಕೊನೆಗೆ ಇದ್ದವನು ಅವನೊಬ್ಬನೇ.

ನಾನು ಓಡಿಕೊಂಡು ಹೋದಾಗ ಅವನು ಕೇಳಿದ ಮೊದಲ ಮಾತು: "ಎಲ್ಲಿ ಹೋಗಿದ್ದೆ?"

"ಡಾಕ್ಟ್ರು ಮನೆಗೆ ಹೋಗು ಅಂದ್ರಪ್ಪಾ" ಅಂದೆ.

ಮರುದಿನ ಅವನು ಡಾಕ್ಟರನ್ನು ಕೇಳಿಯೇ ಕೇಳಿದ. ಅವನಿಗೆ ಇಂಗ್ಲಿಷ್ ಬರುತ್ತದಲ್ಲ. ಬಂದು ನನ್ನ ಮುಂದೆ ನಿಂತ. "ಹೋಗು ಅಂತ ನಾನು ಹೇಳೇ ಇಲ್ಲ ಅಂತಾರಮ್ಮ. ಪರಿಸ್ಥಿತಿ ಸರಿಯಿಲ್ಲ ಅಂತ ಹೇಳ್ಸಿದ್ದೆ ಅಂತಾರೆ. ನಿಂಗೆ ಸಾಕಾಗಿತ್ತು, ಎದ್ದು ಬಂದೆ. ಅದನ್ನೇ ಹೇಳ್ಬಹುದಿತ್ತಲ್ಲ. ಸುಳ್ಳು ಯಾಕೆ?"

ಒಂಬತ್ತು ವರ್ಷದಲ್ಲಿ ಆ ಮಾತು ಇನ್ನೊಮ್ಮೆ ಬಂದಿಲ್ಲ. ವರ್ಷಕ್ಕೆ ಎರಡು ಸಲ ಬರುತ್ತಾನೆ. ಕುರ್ಚಿಯ ತುದಿಯಲ್ಲಿ ಕೂರುತ್ತಾನೆ. ಲೋಟದಲ್ಲಿ ಅರ್ಧ ಬಿಟ್ಟು, "ಬಸ್ಸಿಗೆ ಹೊತ್ತಾಯ್ತು" ಎಂದು ಏಳುತ್ತಾನೆ. ಒಂದು ರಾತ್ರಿಯೂ ಉಳಿದಿಲ್ಲ. ಬರಬರುತ್ತ ನನಗೇ ಅನುಮಾನ ಹತ್ತಿತ್ತು. ಆ ಹುಡುಗಿ ನಿಜವಾಗಿ ಹೋಗಿ ಅಂದಳೇ, ಅಥವಾ ದಣಿದ ಕಿವಿಗೆ ಬೇಕಾದದ್ದು ಕೇಳಿಸಿತೇ ಎಂದು. ನಿಮ್ಮ ಪತ್ರ ಓದಿ ನನಗೆ ಸಿಟ್ಟು ಬಂತು, ನಿಜ. ಅದಕ್ಕಿಂತ ಮೊದಲು, ಸದ್ಯ ನನಗೆ ಹುಚ್ಚು ಹಿಡಿದಿರಲಿಲ್ಲ ಅನ್ನಿಸಿತು.

ಒಂದು ಕೆಲಸ ಮಾಡಿ. ಇಂಗ್ಲಿಷಿನವರು ಹೀಗೆ ಒಂದು ಹೇಳಿ ಇನ್ನೊಂದು ಅನ್ನುವ ಮಾತು ಇನ್ನೂ ಯಾವ್ಯಾವುದಿವೆ, ಬರೆದು ಕಳಿಸಿ. ಈ ವಯಸ್ಸಿನಲ್ಲಿ ಕಲಿತು ಯಾವ ಗುಡ್ಡ ಕಡಿಯಬೇಕು ಅನ್ನಬೇಡಿ. ಒಂದು ಮಾತು ನನ್ನ ಮನೆಯನ್ನು ಎರಡು ಮಾಡಿತು. ಅದರ ಬಂಧುಬಳಗ ಎಂಥದ್ದೆಂದು ನೋಡಬೇಕಲ್ಲ.

ಇತಿ,
ಬೆತ್ತದವಳು


ಮೇ 7

ಅಮ್ಮಾ,

ಮೊದಲು ಇದನ್ನು ಹೇಳಿಬಿಡುತ್ತೇನೆ. ನಿಮ್ಮ ಮಗ ಡಾಕ್ಟರನ್ನು ಕೇಳಿದ ದಿನ ನಾನು ಕಡತದ ಕೋಣೆಯಲ್ಲಿದ್ದೆ. ಗಾಜಿನ ಕಿಟಕಿಯಿಂದ ಅವರನ್ನು ನೋಡಿದೆ. ಎತ್ತರದ ಹುಡುಗ, ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡಿದ್ದರು. ಡಾಕ್ಟರು ನನ್ನನ್ನು ಕರೆಯಬಹುದೆಂದು ಹೆದರಿ ಕಪಾಟಿನ ಹಿಂದೆ ಸರಿದೆ. ಅವರು ಕರೆಯಲಿಲ್ಲ.

ಇನ್ನು ನೀವು ಕೇಳಿದ ಬಂಧುಬಳಗ. ಬಲು ದೊಡ್ಡ ಸಂಸಾರ ಅಮ್ಮಾ. ಎಲ್ಲರೂ ಕೆಟ್ಟವರಲ್ಲ.

'ಪೀಸ್ ಆಫ್ ಕೇಕ್' ಎಂದರೆ ಕೇಕಿನ ತುಂಡು. ಅರ್ಥ ಮಾತ್ರ, ನೀರು ಕುಡಿದಷ್ಟು ಸುಲಭ. ಒಬ್ಬ ಸರ್ಜನ್ನು ಆಪರೇಷನ್ನಿನ ಹಿಂದಿನ ದಿನ ಹೀಗಂದರು. ರೋಗಿಯ ಹೆಂಡತಿ ನನ್ನ ಮೇಲೆ ಹರಿಹಾಯ್ದರು: "ಸಕ್ಕರೆ ಕಾಯಿಲೆ ಇರೋರಿಗೆ ಕೇಕ್ ಕೊಡ್ತಾರೇನ್ರೀ?"

'ಕೋಲ್ಡ್ ಫೀಟ್' ಎಂದರೆ ತಣ್ಣನೆಯ ಪಾದ. ಕೊನೇ ಗಳಿಗೆಯಲ್ಲಿ ಎದೆ ಅಳುಕಿ ಹಿಂದೆ ಸರಿದವರಿಗೆ ಹೇಳುವ ಮಾತು. ಒಬ್ಬ ಮುದುಕಿಗೆ ಹಾಗಾಗಿದೆ ಎಂದು ಡಾಕ್ಟರು ಅಂದದ್ದೇ ತಡ, ನಮ್ಮ ಆಯಾ ಹೋಗಿ ಅವರ ಕಾಲಿಗೆ ಎರಡು ಕಂಬಳಿ ಹೊದಿಸಿದಳು. ತಮಾಷೆ ಏನು ಗೊತ್ತೇ? ಕಂಬಳಿ ಹೊದಿಸಿದ ಮೇಲೆ ಮುದುಕಿ ಆಪರೇಷನ್ನಿಗೆ ಒಪ್ಪಿಕೊಂಡರು.

'ಔಟ್ ಆಫ್ ದ ವುಡ್ಸ್' ಎಂದರೆ ಕಾಡು ದಾಟಿ ಹೊರಬಂದ, ಅಂದರೆ ಗಂಡಾಂತರ ಕಳೆಯಿತು. ಇದನ್ನು ಹೇಳುವಾಗ ಮಾತ್ರ ನಾನು ಓಡಿ ಓಡಿ ಹೋಗಿ ಹೇಳುತ್ತೇನೆ.

'ಗಿವ್ ಎ ಹ್ಯಾಂಡ್' ಎಂದರೆ ಕೈ ಕೊಡು. ಅವರಲ್ಲಿ ಅದು ಸಹಾಯ ಮಾಡುವುದು. ನಮ್ಮಲ್ಲಿ ಕೈ ಕೊಟ್ಟರೆ ಮುಗಿಯಿತು ಕಥೆ. ಕಳೆದ ತಿಂಗಳು ಹೊಸ ದುಭಾಷಿಯೊಬ್ಬ ರೋಗಿಗೆ ಹೇಳಿದ: "ಹೆದರ್ಬೇಡಿ, ಸಿಸ್ಟರ್ ನಿಮಗೆ ಕೈ ಕೊಡ್ತಾರೆ."

ಬರೆಯುತ್ತ ನಗು ಬಂತು. ನಿಮಗೆ ಬರೆಯುವಾಗ ನಗಬಹುದೋ ಇಲ್ಲವೋ ಎಂದು ಪೆನ್ನು ಕೆಳಗಿಟ್ಟೆ. ಆಮೇಲೆ, ಕೇಳಿದವರು ನೀವೇ ಅಲ್ಲವೇ ಎಂದು ಮತ್ತೆ ಎತ್ತಿಕೊಂಡೆ.

ಅಮ್ಮಾ, ನಿಮ್ಮ ಮಗನಿಗೆ ನಾನು ಬರೆಯಲೇ? ನೀವು ಸುಳ್ಳು ಹೇಳಲಿಲ್ಲ ಎಂದು ಹೇಳಬಲ್ಲವಳು ಈ ಲೋಕದಲ್ಲಿ ನಾನೊಬ್ಬಳೇ. ವಿಳಾಸ ಕೊಡಿ. ನನಗೆ ಏನಾಗಬಹುದೆಂದು ಯೋಚಿಸಬೇಡಿ.

ಇತಿ,
ದುಭಾಷಿ


ಮೇ 20

ಮಗಳೇ,

ಇನ್ನು ಮೇಲೆ ನಿನ್ನನ್ನು ನೀವು ಎನ್ನಲಾರೆ, ಬರೆಯುವಾಗ ಕೈ ನೋಯುತ್ತದೆ.

ಕೈ ಕೊಡುವ ಮಾತು ಓದಿ ಒಬ್ಬಳೇ ನಕ್ಕೆ. ನಿನ್ನ ಪುಸ್ತಕಕ್ಕೆ ನನ್ನದೊಂದು ಸೇರಿಸಿಕೋ. ಮೊನ್ನೆ ಲಾಯರೊಬ್ಬರು ಹಳೆಯ ಕುರ್ಚಿ ತಂದಿದ್ದರು. "ಏನಾಗಿದೆ?" ಎಂದರೆ, "ಕಾಲು ಕೈ ಕೊಟ್ಟಿದೆ" ಎಂದರು. ಕುರ್ಚಿಯ ಕಾಲು ಕೈ ಕೊಡುತ್ತದೆ, ನಾವಿಬ್ಬರೂ ಮುಖ ಮುಖ ನೋಡಿಕೊಂಡು ತಲೆಯಾಡಿಸುತ್ತೇವೆ. ಇದನ್ನು ನಿನ್ನ ಡಾಕ್ಟರಿಗೆ ಹೇಳಿ ನೋಡು. ನಮ್ಮ ಮಾತೇನು ಕಡಿಮೆ ಗೊಂದಲದ್ದಲ್ಲ.

ಮೊಳೆಗೆ ಬರೆಯುವ ಮಾತು. ಒಂದು ವಾರ ಬೇಡ ಅಂದುಕೊಂಡೆ. ಯಾಕೆ ಗೊತ್ತೇ? ಅವನ ಎದುರು ನಾನು ಪೂರ್ತಿ ನಿರಪರಾಧಿ ಆಗಿಬಿಡುತ್ತೇನೆ. ನಾನು ಪೂರ್ತಿ ಹಾಗಿಲ್ಲ. ನೀನು ಹೊರಡಿ ಎಂದಾಗ ನನಗೆ ಒಳಗೊಳಗೇ ಹಗುರವಾಯಿತು. "ಇಲ್ಲ, ನಾನು ಇಲ್ಲೇ ಇರ್ತೀನಿ" ಎಂದು ಒಂದು ಮಾತು ಹೇಳಬಹುದಿತ್ತು. ಹನ್ನೊಂದು ದಿನದಲ್ಲಿ ನರ್ಸುಗಳು ಎಷ್ಟು ಸಲ ಎಬ್ಬಿಸಿದರೂ ನಾನು ಎದ್ದವಳಲ್ಲ. ಅವತ್ತು ಮಾತ್ರ ಒಂದೇ ಮಾತಿಗೆ ಎದ್ದೆ. ನೀನು ಬಾಗಿಲು ತೆರೆದೆ, ನಿಜ. ಹೊಸಿಲು ದಾಟಿದ ಕಾಲು ನನ್ನದು.

ಅವರು ಕಣ್ಣು ತೆರೆದೇ ಇದ್ದರು. "ಹೋಗ್ಬರ್ತೀನಿ" ಅಂದೆ. "ಹ್ಞೂಂ, ಹೋಗು" ಅಂದರು. ಅವರಿಗೆ ಬೇಸರವಾಯಿತೋ ಏನೋ ಎಂಬುದೊಂದೇ ನನಗೆ ತಿಳಿಯಬೇಕಿತ್ತು. ಅದು ಯಾರಿಗೂ ಗೊತ್ತಿಲ್ಲ.

ಈಗ ಬರೆಯಬಹುದು ಅನ್ನಿಸುತ್ತದೆ. ನನ್ನನ್ನು ಬಿಡಿಸುವುದಕ್ಕೆ ಬರೆಯಬೇಡ. ನಡೆದದ್ದು ಬರೆ. ನಾಳೆಯ ವಿಷಯವನ್ನೂ ಬಿಡಬೇಡ. ನಿನ್ನ ತಪ್ಪನ್ನು ಚಂದ ಮಾಡಿಯೂ ಬರೆಯಬೇಡ, ಅವನಿಗೆ ಅಲಂಕಾರದ ಮಾತು ಆಗುವುದಿಲ್ಲ. ಲಿಫ್ಟ್ ರಿಪೇರಿ ಮಾಡುವವನು ಅವನು, ಎಲ್ಲಿ ತಂತಿ ಕಿತ್ತಿದೆ ಎಂಬುದಷ್ಟೇ ಬೇಕು. ವಿಳಾಸ ಈ ಹಾಳೆಯ ಹಿಂಬದಿಯಲ್ಲಿದೆ.

ಇತಿ,
ಬೆತ್ತದಮ್ಮ


ಜೂನ್ 2

ಮಾನ್ಯರೇ,

ನಿಮ್ಮ ತಂದೆ ತೀರಿಕೊಂಡ ದಿನ ಅವರ ವಾರ್ಡಿನಲ್ಲಿ ದುಭಾಷಿಯಾಗಿದ್ದವಳು ನಾನು. ಮಧ್ಯಾಹ್ನ ಒಂದು ಗಂಟೆಗೆ ಡಾಕ್ಟರು 'ಇಟ್ಸ್ ಟಚ್ ಅಂಡ್ ಗೋ' ಎಂದು ನಿಮ್ಮ ತಾಯಿಗೆ ತಿಳಿಸಲು ಹೇಳಿದರು. ಅದರ ಅರ್ಥ ನಿಮಗೆ ಗೊತ್ತಿರುತ್ತದೆ. ನನಗೆ ಗೊತ್ತಿರಲಿಲ್ಲ. 'ಒಮ್ಮೆ ಮುಟ್ಟಿ, ಹೊರಡಿ' ಎಂದು ಹೇಳಿದೆ. ಯಾವಾಗ ಬರಲಿ ಎಂದು ಅವರು ಕೇಳಿದರು. ಡಾಕ್ಟರನ್ನು ಕೇಳದೆ, ನಾಳೆ ಬೆಳಗ್ಗೆ ಬನ್ನಿ ಎಂದು ನಾನೇ ಹೇಳಿದೆ.

ಡಾಕ್ಟರು ನಿಮಗೆ ಹೇಳಿದ್ದು ನಿಜ. ನಿಮ್ಮ ತಾಯಿ ನಿಮಗೆ ಹೇಳಿದ್ದೂ ನಿಜ. ಸುಳ್ಳಾದದ್ದು ಎರಡರ ನಡುವೆ ನಿಂತಿದ್ದ ನಾನು.

ಮರುದಿನ ನೀವು ಡಾಕ್ಟರೊಂದಿಗೆ ಮಾತಾಡುವಾಗ ನಾನು ಅದೇ ಕಟ್ಟಡದಲ್ಲಿದ್ದೆ, ಮುಂದೆ ಬರಲಿಲ್ಲ. ಒಂದು ವರ್ಷದ ಮೇಲೆ ಆ ಮಾತಿನ ಅರ್ಥ ತಿಳಿಯಿತು. ಆಮೇಲೂ ಎಂಟು ವರ್ಷ ಸುಮ್ಮನಿದ್ದೆ. ನೀವು ಯಾರ ಮುಂದೆ ಹೇಳೆಂದರೂ ಬಂದು ಹೇಳುತ್ತೇನೆ. ಈ ಪತ್ರದ ಒಂದು ಪ್ರತಿಯನ್ನು ನನ್ನ ಮೇಲಿನ ಅಧಿಕಾರಿಗೂ ಕೊಟ್ಟಿದ್ದೇನೆ.

ಇತಿ,
ದುಭಾಷಿ


ಜುಲೈ 11

ದುಭಾಷಿಯವರಿಗೆ,

ನಿಮ್ಮ ಪತ್ರ ತಲುಪಿದೆ. ಗೊತ್ತಿಲ್ಲದ ತಂತಿಯನ್ನು ಅಂದಾಜಿನ ಮೇಲೆ ಜೋಡಿಸಿದರೆ ಏನಾಗುತ್ತದೆಂದು ನನ್ನ ಕೆಲಸದಲ್ಲಿ ಮೊದಲ ದಿನವೇ ಹೇಳಿಕೊಡುತ್ತಾರೆ. ನಿಮಗೆ ಯಾರೂ ಹೇಳಿಕೊಡಲಿಲ್ಲವೆಂದು ಕಾಣುತ್ತದೆ. ನಿಮ್ಮನ್ನು ಯಾರ ಮುಂದೆಯೂ ನಿಲ್ಲಿಸುವ ಆಸೆ ನನಗಿಲ್ಲ.

ಓದಿದ ಮೇಲೆ ಎರಡು ದಿನ ನಿಮ್ಮ ಮೇಲೆ ಕೋಪವಿತ್ತು. ಮೂರನೆಯ ದಿನ ಅದು ಬೇರೆ ಕಡೆ ತಿರುಗಿತು. ನಾನು ಅಪ್ಪನ ಬಳಿ ಹದಿನೈದು ನಿಮಿಷ ಇದ್ದೆ. ಅವರಿಗೆ ಪ್ರಜ್ಞೆ ಇತ್ತು, ಮಾತಾಡಿದರು. ಏನಂದರೆಂದು ಅಮ್ಮನಿಗೆ ಇವತ್ತಿನವರೆಗೆ ಹೇಳಿಲ್ಲ. ನಿಮಗೂ ಬರೆಯುವುದಿಲ್ಲ, ಅದು ಮೊದಲು ಸೇರಬೇಕಾದವರಿಗೆ ಸೇರಲಿ.

ನೀವು ಎಂಟು ವರ್ಷ ಎಂದು ಬರೆದಿದ್ದೀರಿ. ನನ್ನದು ಒಂಬತ್ತು.

ಅಮ್ಮನ ಎದುರು ಹೋಗಿ ಮಾತು ಹೇಗೆ ಶುರು ಮಾಡಬೇಕೆಂದು ತಿಳಿಯುತ್ತಿಲ್ಲ. ಇಷ್ಟು ದಿನ ಉತ್ತರ ಬರೆಯದೆ ಇದ್ದದ್ದು ಅದಕ್ಕೇ. ನೀವು ಹೇಗೆ ಶುರು ಮಾಡಿದಿರಿ?

ಇತಿ,
ಅವರ ಮಗ


ಜುಲೈ 15

ಮಾನ್ಯರೇ,

ಮೊದಲ ಸಾಲು ನಾಲ್ಕು ಸಲ ಬರೆದು ಹರಿದೆ. ಐದನೆಯ ಸಲ, ಅವರು ಸ್ಟೂಲಿನ ಮೇಲೆ ಕೂತು ಬೆತ್ತ ಹೆಣೆಯುತ್ತಿದ್ದದ್ದು ನೆನಪಾಯಿತು. ಅಲ್ಲಿಂದ ಶುರು ಮಾಡಿದೆ. ಚೆನ್ನಾಗಿ ಹೇಳಬೇಕೆಂದು ಕಾಯಬೇಡಿ. ನಿಮ್ಮ ತಾಯಿ ಕೆಟ್ಟದಾಗಿ ಹೇಳಿದರೂ ಅರ್ಥ ಮಾಡಿಕೊಳ್ಳುತ್ತಾರೆ. ಬಿಟ್ಟು ಹೇಳಿದರೆ ಮಾತ್ರ ಹಿಡಿದುಬಿಡುತ್ತಾರೆ.

ಇತಿ,
ದುಭಾಷಿ


ಆಗಸ್ಟ್ 25

ಮಗಳೇ,

ಮೊಳೆ ಬಂದಿದ್ದ. ಶನಿವಾರ ಬೆಳಗ್ಗೆ ಎಂಟಕ್ಕೇ ಬಂದು ಬಾಗಿಲು ತಟ್ಟಿದ. ಹೆಗಲಲ್ಲಿ ಬಟ್ಟೆಬರೆ ತುಂಬಿದ ಚೀಲವಿತ್ತು. ನಾನು ಮುಖ ನೋಡುವ ಮೊದಲು ಚೀಲ ನೋಡಿದೆ.

ಕುರ್ಚಿಯಲ್ಲಿ ಕೂರಲಿಲ್ಲ. ಕೆಲಸದ ಕೋಣೆಗೆ ಬಂದು ನನ್ನ ಪಕ್ಕ ನೆಲದ ಮೇಲೆ ಕೂತ. ಬಕೆಟ್ಟಿನಿಂದ ಒಂದೊಂದೇ ಎಳೆ ತೆಗೆದು, ಒರೆಸಿ, ಕೈಗೆ ಕೊಡತೊಡಗಿದ. ಹನ್ನೆರಡು ವರ್ಷದವನಿದ್ದಾಗ ಹಾಗೆ ಮಾಡುತ್ತಿದ್ದ. ಹಾಗೇ ಒಂದು ಸೀಟಿನ ಅರ್ಧ ಮುಗಿಯಿತು. ನಾನಾಗಿ ಕೇಳಬಾರದು ಎಂದು ಹಲ್ಲು ಕಚ್ಚಿಕೊಂಡಿದ್ದೆ.

"ಅಮ್ಮಾ, ಅವತ್ತು ಅಪ್ಪ ಮಾತಾಡಿದ್ರು" ಅಂದ.

ಹೆಣೆಯುತ್ತಿದ್ದ ಸೀಟನ್ನು ಕೆಳಗಿಟ್ಟೆ.

"ನಾನು ಹೋದ ಕೂಡ್ಲೇ ಅಮ್ಮ ಎಲ್ಲಿ ಅಂತ ಕೇಳ್ದೆ. ಮನೆಗೆ ಕಳಿಸಿದಾರೆ ಅಂದ್ರು. ಅವರ ಉಸಿರು ನೋಡಿ ನಂಗೆ ಹೆದರಿಕೆ ಆಯ್ತು. ಕೆಳಗಡೆ ಅಂಗಡಿಗೆ ಫೋನ್ ಮಾಡ್ತೀನಿ, ಅಮ್ಮನ್ನ ಕರೆಸ್ತೀನಿ ಅಂತ ಎದ್ದೆ. ನನ್ನ ಕೈ ಹಿಡ್ಕೊಂಡ್ಬಿಟ್ರು. ಬಿಡ್ಲೇ ಇಲ್ಲ. 'ಬೇಡ ಕಣೋ. ಎಬ್ಬಿಸ್ಬೇಡ. ಈಗ ಮಲಗಿರ್ತಾಳೆ. ಎಷ್ಟು ದಿನ ಆಯ್ತು ಅವಳು ನೆಟ್ಟಗೆ ಮಲಗಿ. ನಾನು ಹೇಳಿ ಹೇಳಿ ಸಾಕಾಗಿತ್ತು, ಸದ್ಯ ಇವತ್ತಾದ್ರೂ ಹೋದ್ಲು' ಅಂದ್ರು."

ಬಕೆಟ್ಟಿನಿಂದ ಇನ್ನೊಂದು ಎಳೆ ತೆಗೆದು ಒರೆಸತೊಡಗಿದ.

"ಫೋನ್ ಮಾಡ್ಲಿಲ್ಲಮ್ಮ ನಾನು. ಮಾಡಿದ್ರೆ ನೀನು ಬಂದ್ಬಿಡ್ತಿದ್ದೆ ಏನೋ. ಹದಿನೈದು ನಿಮಿಷದಲ್ಲಿ ಬರೋಕಾಗ್ತಿರ್ಲಿಲ್ಲ ಅಂತ ಲೆಕ್ಕ ಹಾಕ್ತೀನಿ, ಆದ್ರೂ ಮಾಡ್ಬಹುದಿತ್ತು. ಅದನ್ನ ನೀನು ಕೇಳೋಕೆ ಮುಂಚೆ ನಾನೇ ನಿನ್ನ ಕೇಳ್ಬಿಟ್ಟೆ, ಎಲ್ಲಿ ಹೋಗಿದ್ದೆ ಅಂತ. ಆಮೇಲೆ ವಾಪಸ್ ತಗೊಳ್ಳೋಕೆ ಆಗ್ಲಿಲ್ಲ."

ಮಗಳೇ, ನನಗೆ ಸಿಟ್ಟು ಬಂತು. ಸುಳ್ಳು ಹೇಳುವುದಿಲ್ಲ. ಒಂಬತ್ತು ವರ್ಷ ಈ ಮಾತನ್ನು ಮಡಿಚಿ ಇಟ್ಟುಕೊಂಡಿದ್ದನಲ್ಲ ಎಂದು ಎದ್ದು ಅಡುಗೆಮನೆಗೆ ಹೋದೆ. ನಲ್ಲಿ ತಿರುಗಿಸಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದೆ. ತೊಳೆಯುತ್ತ ತೊಳೆಯುತ್ತ ಅವರ ದನಿ ಕೇಳಿಸಿತು. 'ಸದ್ಯ ಇವತ್ತಾದ್ರೂ ಹೋದ್ಲು.' ಅವರೇ, ಅವರ ಮಾತೇ. ಬೇರೆ ಯಾರೂ ಅದನ್ನು ಕಟ್ಟಿ ಹೇಳಲಾರರು. ನಾನು ಮಲಗಿದ್ದೇನೆಂದು ಅವರಿಗೆ ಗೊತ್ತಿತ್ತು. ಆ ನಿದ್ದೆಗೆ ಒಂಬತ್ತು ವರ್ಷ ನಾಚಿ ಸತ್ತೆ ನಾನು. ಅವರು ಮಗನ ಕೈ ಹಿಡಿದು ಅದನ್ನು ಕಾಯುತ್ತಿದ್ದರಂತೆ.

ಹಿಂದಿರುಗಿದಾಗ ಅವನು ಅಲ್ಲೇ ಕೂತಿದ್ದ, ಒರೆಸಿದ ಎಳೆ ಕೈಯಲ್ಲೇ ಒಣಗುತ್ತಿತ್ತು. ತಲೆಯ ಮೇಲೆ ಕೈ ಇಟ್ಟೆ. ಇಪ್ಪತ್ತೆಂಟು ವರ್ಷದ ಗಂಡಸು, ನನ್ನ ಮೊಣಕಾಲಿಗೆ ಹಣೆ ಒತ್ತಿ ಅತ್ತ. ಆಗ ನಾನೂ ಅತ್ತೆ. ಆಮೇಲೆ ಇಬ್ಬರಿಗೂ ವಿಪರೀತ ಹಸಿವಾಯಿತು.

ಮಾತಿನ ನಡುವೆ ನಿನ್ನ ಸುದ್ದಿಯೂ ಬಂತು, ಪತ್ರದ ಪ್ರತಿಯನ್ನು ಮೇಲಿನವರಿಗೂ ಕೊಟ್ಟೆಯಂತೆ. ನಿನ್ನ ಮೇಲಿನವರು ಏನಂದರು ಎಂದು ನೀನು ಬರೆಯಲೇ ಇಲ್ಲ. ಕೆಲಸಕ್ಕೇನಾದರೂ ತೊಂದರೆಯಾಗಿದ್ದರೆ ಮುಚ್ಚಿಡಬೇಡ. ನಮ್ಮ ಮನೆಯಲ್ಲಿ ಇನ್ನು ಮುಚ್ಚಿಡುವುದು ಸಾಕು. ಮತ್ತೆ, ಆ ಮಾತನ್ನು ನಿನ್ನ ಪುಸ್ತಕಕ್ಕೆ ಸೇರಿಸು. ನಡೆದದ್ದನ್ನೂ ಹೊಸಬರಿಗೆ ಹೇಳು. ಅರ್ಥವನ್ನಷ್ಟೇ ಹೇಳಿದರೆ ಮರೆತುಬಿಡುತ್ತಾರೆ.

ಅವನು ಮುಂದಿನ ತಿಂಗಳ ಎರಡನೇ ಭಾನುವಾರ ಮತ್ತೆ ಬರುತ್ತೇನೆ ಎಂದಿದ್ದಾನೆ. ನೀನೂ ಅವತ್ತೇ ಬಾ. ಮಧ್ಯಾಹ್ನದ ಊಟಕ್ಕೆ ಮೊದಲೇ ಬಾ. ಅವನು ನಿನ್ನನ್ನು ಬೈದರೂ ಬೈಯಬಹುದು. ಬೈದರೆ ಬೈಸಿಕೋ, ಎದ್ದು ಹೋಗಬೇಡ. ನಾನು ಪಕ್ಕದಲ್ಲೇ ಕೂತಿರುತ್ತೇನೆ.

ಇತಿ,
ಅಮ್ಮ